ಮೂರನೇ ನಂಬರಿನ ಪುಸ್ತಕ

ಪರದೇಶದ ಕನ್ನಡಿಗರಲ್ಲಿ ಪುಸ್ತಕ ವಿಮರ್ಶೆ ಅನ್ನುವುದು ಬಹಳ ಕಾಲ ಮದುವೆ ಮನೆಯ ಊಟದ ಹಾಗೆ ನಡೆದುಕೊಂಡು ಬಂದಿತ್ತು. ಉಂಡವರು ಕೈ ತೊಳೆದು ಹೊರಗೆ ಬಂದ ಮೇಲೆ ಯಾರು ಕೇಳಿದರೂ ‘ಬಹಳ ಚೆನ್ನಾಗಿತ್ತು’ ಅನ್ನಬೇಕು. ಸಾರಿಗೆ ಉಪ್ಪು ಕಮ್ಮಿ ಅಂದವರನ್ನು ಮುಂದಿನ ಮದುವೆಗೆ ಯಾರೂ ಕರೆಯುವುದಿಲ್ಲ. ಅಡಿಲೇಡಿನ ರಾಜಗೋಪಾಲರಿಗೆ ಇದು ಸಾಕುಸಾಕಾಗಿತ್ತು. ಎಂಜಿನಿಯರ್ ಕೆಲಸದಿಂದ ನಿವೃತ್ತರಾದ ಮೇಲೆ ಅವರು ‘ತೆಂಕಣ ಓದು’ ಅನ್ನುವ ಅಂತರ್ಜಾಲ ಪತ್ರಿಕೆ ಶುರು ಮಾಡಿದ್ದರು. ಮೊದಲ ವರ್ಷ ಬಂದ ವಿಮರ್ಶೆಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದಾಗ, ಲೋಕದಲ್ಲಿ ಕೆಟ್ಟ ಪುಸ್ತಕ ಅನ್ನುವುದೇ ಇಲ್ಲವೆಂದು ಅವರಿಗೆ ತಿಳಿದುಬಂತು. ಹೊಗಳಿದವರು ಬರೆದವರ ಭಾವಮೈದುನ ಆಗಿರುತ್ತಿದ್ದರು, ಇಲ್ಲವೇ ಕನ್ನಡ ಸಂಘದಲ್ಲಿ ಅವರ ಜೊತೆ ಯುಗಾದಿ ನಾಟಕ ಮಾಡಿದವರಾಗಿರುತ್ತಿದ್ದರು.

ಅದಕ್ಕೇ ರಾಜಗೋಪಾಲರು ಒಂದು ಕಾನೂನು ಮಾಡಿದರು. ವಿಮರ್ಶೆಗೆ ಬಂದ ಪುಸ್ತಕಕ್ಕೆ ಅವರೇ ತಮ್ಮ ಊಟದ ಮೇಜಿನ ಮೇಲೆ ಖಾಕಿ ಬೈಂಡು ಹಾಕುತ್ತಿದ್ದರು. ಜೂನ್ ತಿಂಗಳಲ್ಲಿ ಸ್ಕೂಲು ಶುರುವಾಗುವಾಗ ನಮ್ಮ ಅಪ್ಪಂದಿರು ಹಾಕಿಕೊಡುತ್ತಿದ್ದಂಥದೇ ಬೈಂಡು. ಹೆಸರಿರುವ ಮೊದಲ ಹಾಳೆಗಳನ್ನೂ, ಕವಿಯ ಪರಿಚಯವಿರುವ ಕೊನೆಯ ಹಾಳೆಯನ್ನೂ ಟೇಪು ಹಚ್ಚಿ ಮುಚ್ಚಿಬಿಡುತ್ತಿದ್ದರು. ಬೈಂಡಿನ ಮೇಲೆ ಬರೀ ಒಂದು ನಂಬರು. ವಿಮರ್ಶಕರು ನಂಬರು ಹಾಕಿ ಬರೆದು ಕಳಿಸಬೇಕು, ಹೆಸರು ತುಂಬುವವರು ರಾಜಗೋಪಾಲರು. ಹೆಸರು ಗೊತ್ತಾದ ಮೇಲೆ ವಿಮರ್ಶೆಯಲ್ಲಿ ಒಂದಕ್ಷರ ತಿದ್ದುವ ಹಾಗಿಲ್ಲ. ಈ ಕಾನೂನು ಬಂದ ವರ್ಷವೇ ಪತ್ರಿಕೆಯ ಅರ್ಧ ಬರಹಗಾರರು ಅಡಿಲೇಡಿಗೆ ಫೋನ್ ಮಾಡುವುದನ್ನು ಬಿಟ್ಟರು. ಓದುಗರು ಮಾತ್ರ ಎರಡರಷ್ಟಾದರು.

ಪರ್ತಿನ ಸದರ್ನ್ ರಿವರ್ ಬಡಾವಣೆಯಲ್ಲಿರುವ ಡಾಕ್ಟರ್ ಹಂಸಾ ಈ ಕಾನೂನಿಗೆ ಹೇಳಿ ಮಾಡಿಸಿದ ವಿಮರ್ಶಕಿ. ಅವಳು ರೇಡಿಯಾಲಜಿಸ್ಟ್. ಬೆಳಕು ಕಮ್ಮಿ ಮಾಡಿದ ಕೋಣೆಯಲ್ಲಿ ಕೂತು ದಿನವಿಡೀ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಓದುವ ಕೆಲಸ. ಹೆಚ್ಚಿನ ಚಿತ್ರಗಳು ಸರಿಯಾಗಿಯೇ ಇರುತ್ತವೆ, ಅವಕ್ಕೆ ಒಂದು ಸಾಲು ಬರೆದು ಮುಂದೆ ಹೋಗಬೇಕು. ಎಲ್ಲೋ ಒಂದರಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಇರುತ್ತದೆ. ಅದನ್ನು ಹಿಡಿಯುವುದಕ್ಕೇ ಸಂಬಳ. ಇಪ್ಪತ್ತೈದು ವರ್ಷ ಹೀಗೆ ಚುಕ್ಕೆ ಹುಡುಕಿದ ಕಣ್ಣು ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ಯಾರ ಮನೆಗೆ ಹೋದರೂ ಅವಳಿಗೆ ಮೊದಲು ಕಾಣುವುದು ಗೋಡೆಯ ಕಲೆ. ಗಂಡ ಮಹಾಬಲೇಶ್ವರ ಗಣಿ ಕಂಪನಿಯ ಎಂಜಿನಿಯರು, ಮನೆಯಲ್ಲಿದ್ದಾಗ ಅಡಿಗೆ ಅವನದು. “ಉಪ್ಪಿಟ್ಟು ಮಾಡಿ ಮುಂದಿಟ್ರೆ ರಿಪೋರ್ಟ್ ಕೊಡ್ತೀಯಲ್ಲೇ,” ಅಂತ ಅವನು ನಗುತ್ತಿದ್ದ. ಅದರಲ್ಲಿ ಅರ್ಧ ತಮಾಷೆ, ಅರ್ಧ ನಿಜ.

ಕೆನಡಾದ ಹೊಸ ಇಂಗ್ಲಿಷ್ ಕವಿತೆಗಳ ಮೇಲೆ ಒಂದು ಸಂಚಿಕೆ ತರೋಣ ಅಂದವಳು ಹಂಸಾ ತಾನೇ. ಚಿಕ್ಕ ವಯಸ್ಸಿನಲ್ಲಿ ಅವಳು ಅಲ್ಲಿಯ ವಿನಿಪೆಗ್ಗಿಗೆ ಒಂದು ವರ್ಷದ ಟ್ರೇನಿಂಗಿಗೆ ಹೋಗಿದ್ದಳು. ಮೂಗಿನ ಕೂದಲು ಹೆಪ್ಪುಗಟ್ಟುವ ಚಳಿ, ಗುರುತಿನವರು ಒಬ್ಬರೂ ಇಲ್ಲ. ಬೆಚ್ಚಗಿರುತ್ತದೆ ಅನ್ನುವ ಒಂದೇ ಕಾರಣಕ್ಕೆ ಲೈಬ್ರರಿಗೆ ಹೋಗಿ ಕೂರುತ್ತಿದ್ದಳು, ಕವಿತೆ ಓದುವುದನ್ನು ಅಲ್ಲಿ ಕಲಿತಳು. ಆ ದೇಶದ ಕವಿತೆಯಲ್ಲಿ ಮಾತು ಕಮ್ಮಿ, ಹಿಮ ಜಾಸ್ತಿ ಅನ್ನುವುದು ಆಗಿನ ಅವಳ ತೀರ್ಮಾನ. ಈಗ ಹೊಸಬರು ಏನು ಬರೆಯುತ್ತಿದ್ದಾರೋ ನೋಡಬೇಕೆಂಬ ಆಸೆ ಇತ್ತು.

ಅಡಿಲೇಡಿನಿಂದ ನಾಲ್ಕು ಖಾಕಿ ಪುಸ್ತಕಗಳು ಬಂದವು. ಒಂದನೆಯದು ಮೀನು ಹಿಡಿಯುವ ಕರಾವಳಿಯದು. ಮುಚ್ಚಿಹೋದ ಬಂದರುಗಳ ಮೇಲೆ ಬರೆದ ಗಟ್ಟಿ ಕವಿತೆಗಳು, ಓದುತ್ತಿದ್ದರೆ ಹಗ್ಗ ಎಳೆದು ಅಂಗೈ ಉರಿದ ಹಾಗಾಗುತ್ತಿತ್ತು. ಎರಡನೆಯದು ಲಾರಿ ಓಡಿಸುವವನೊಬ್ಬ ದಾರಿಯುದ್ದಕ್ಕೂ ಆಡಿಕೊಂಡ ಮಾತು, ಕವಿತೆಯೋ ಕಥೆಯೋ ಹೇಳುವುದು ಕಷ್ಟ, ಆದರೆ ಕೆಳಗಿಡಲು ಮನಸ್ಸಾಗುವುದಿಲ್ಲ. ನಾಲ್ಕನೆಯದರಲ್ಲಿ ಒಂದು ಹಣ್ಣಿನ ತೋಟಕ್ಕೆ ಬೆಂಕಿ ಬಿದ್ದ ಬೇಸಿಗೆ ಇತ್ತು. ಹಂಸಾ ಈ ಮೂರನ್ನೂ ಮನೆ ಹಿಂದಿನ ಪ್ಯಾಟಿಯೊ ಜಗಲಿಯಲ್ಲಿ ಕೂತು, ಕಾಫಿ ಆರಿಸಿಕೊಂಡು, ಖುಷಿಯಿಂದ ಓದಿದಳು.

ಜಗಳ ಬಿದ್ದದ್ದು ಮೂರನೇ ನಂಬರಿನ ಜೊತೆ. ಹಿಮದ ಊರಿನಲ್ಲಿ ಹೊರಗಿನಿಂದ ಬಂದವರು ಸೇರಿ ಬಾಡಿಗೆಗಿರುವ ಒಂದು ಮನೆ, ಅದರ ಬಾಗಿಲು, ಬಾಗಿಲಲ್ಲಿ ಬಿಟ್ಟ ಬೂಟುಗಳು, ಬೂಟಿನಿಂದ ಕರಗಿ ಹರಿಯುವ ನೀರು. ಮೊದಲರ್ಧದ ತುಂಬ ಇದೇ. ಅದರಲ್ಲೂ ಒಂದು ಉದ್ದದ ಕವಿತೆಯಲ್ಲಿ ಕವಿ ಬೂಟುಗಳನ್ನು ಎಣಿಸುತ್ತಲೇ ಹೋಗುತ್ತಾರೆ. ಒಬ್ಬರಿಗೆ ಎರಡು, ಇಬ್ಬರಿಗೆ ನಾಲ್ಕು, ಮೂವರಿಗೆ ಆರು. ಮನೆ ತುಂಬುವವರೆಗೂ ಏರಿ, ಒಬ್ಬೊಬ್ಬರೇ ಬೇರೆ ಊರಿಗೆ ಹೋದ ಹಾಗೆ ಅದೇ ಲೆಕ್ಕ ಇಳಿಯುತ್ತದೆ. ಹಂಸಾ ನಾಲ್ಕು ಸಲ ಓದಿದಳು, ನಾಲ್ಕು ಸಲವೂ ಅದು ಅವಳಿಗೆ ಅಂಗಡಿಯ ಸ್ಟಾಕಿನ ಪಟ್ಟಿಯಾಗಿಯೇ ಕಂಡಿತು. ಇದನ್ನು ಬರೆದವನು ವಯಸ್ಸಾದ ಗಂಡಸು, ಬಹುಶಃ ಬಾಡಿಗೆ ಮನೆಯ ಮಾಲೀಕನೇ ಇರಬೇಕು, ಅಂತ ಅವಳು ಮನಸ್ಸಿನಲ್ಲೇ ನಿಶ್ಚಯ ಮಾಡಿಬಿಟ್ಟಳು.

ಆ ಪುಸ್ತಕದ ಬಗ್ಗೆ ಅವಳು ಬರೆದದ್ದು ಇಷ್ಟು: ‘ಈ ಕವಿಗೆ ಕಣ್ಣಿದೆ. ಬಾಗಿಲ ಬಳಿ ನಿಂತ ನೀರಿನಲ್ಲಿ ಬಲ್ಬು ಅಲುಗಾಡುವುದನ್ನು ಕಂಡವರು ಸುಳ್ಳು ಕವಿಯಲ್ಲ. ಆದರೆ ಸಾಲುಗಳಲ್ಲಿ ಸಂಗೀತವಿಲ್ಲ. ಎಣಿಕೆಯ ಕವಿತೆಯಂತೂ ಲೆಕ್ಕದ ಪುಸ್ತಕದಂತೆ ಒಣಗಿದೆ. ಉತ್ತರಾರ್ಧದ ತೊಂದರೆ ಇನ್ನೂ ದೊಡ್ಡದು. ಅಲ್ಲಿ ಪ್ರತಿ ಕವಿತೆಯೂ ತನ್ನ ಕೊನೆಯ ಸಾಲಿನಲ್ಲಿ ತಾನೇ ಎದ್ದು ನಿಂತು ಅರ್ಥ ಹೇಳುತ್ತದೆ. ಬಾಗಿಲು ತೆರೆದು, ನಾವು ಕಾಲಿಡುವ ಮೊದಲೇ ಒಳಗೆ ಏನೇನಿದೆಯೆಂದು ವಿವರಿಸುವ ಈ ಉಪಚಾರ ಓದುಗರಿಗೆ ಬೇಡ. ಕವಿ ನಮ್ಮನ್ನು ನಂಬಬೇಕು.’ ಬರೆದು ಮುಗಿಸಿದಾಗ ಒಳ್ಳೆಯ ಕೆಲಸ ಮಾಡಿದೆ ಅಂತ ಅವಳಿಗೆ ಸಮಾಧಾನವೇ ಆಯಿತು.

ವಾರ ಕಳೆದು ರಾಜಗೋಪಾಲರು ಹೆಸರು ತುಂಬಿದ ಪ್ರೂಫ್ ಕಳಿಸಿದರು. ಹಂಸಾ ಅದನ್ನು ಕ್ಲಿನಿಕ್ಕಿನ ಊಟದ ಹೊತ್ತಿನಲ್ಲಿ, ಮೊಸರನ್ನದ ಡಬ್ಬಿ ತೆರೆದುಕೊಂಡು ನೋಡಿದಳು. ಮೂರನೇ ಪುಸ್ತಕದ ಹೆಸರಿನ ಕೆಳಗೆ ‘ಅಪೂರ್ವ ವಸಂತ್’ ಅಂತ ಇತ್ತು. ಬ್ರಿಸ್ಬೇನಿನಲ್ಲಿ ಹುಟ್ಟಿದವರು, ವಿನಿಪೆಗ್ಗಿನಲ್ಲಿ ವಾಸ, ಇದು ಮೊದಲ ಸಂಕಲನ. ಹಂಸಾ ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು.

ಅಪೂರ್ವ ಅವಳ ಗೆಳತಿ ಗೌರಿಯ ಮಗಳು. ಗೌರಿ ಅಂದರೆ ಸುಮ್ಮನೆ ಗೆಳತಿಯಲ್ಲ. ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ಐದು ವರ್ಷ ಒಂದೇ ರೂಮಿನಲ್ಲಿದ್ದವರು. ಹಂಸಾ ಈ ದೇಶಕ್ಕೆ ಬಂದಿಳಿದಾಗ, ಪರೀಕ್ಷೆ ಪಾಸಾಗುವವರೆಗೆ ಅವಳನ್ನು ಬ್ರಿಸ್ಬೇನಿನ ತನ್ನ ಮನೆಯಲ್ಲಿಟ್ಟುಕೊಂಡು ಸಾಕಿದವಳು ಗೌರಿ. ಹಂಸಾಳಿಗೆ ಅಕ್ಕತಂಗಿಯರಿಲ್ಲ, ಮಕ್ಕಳಾಗಲಿಲ್ಲ. ಪ್ರತಿ ಭಾನುವಾರ ಇಬ್ಬರೂ ಸ್ಪೀಕರ್ ಹಾಕಿಕೊಂಡು, ಇವಳು ಪರ್ತಿನಲ್ಲಿ, ಅವಳು ಬ್ರಿಸ್ಬೇನಿನಲ್ಲಿ, ತರಕಾರಿ ಹೆಚ್ಚುತ್ತ ಮಾತಾಡುವುದು ಇಪ್ಪತ್ತು ವರ್ಷದಿಂದ ನಡೆದುಬಂದಿತ್ತು. ಅಪೂರ್ವ ವಿನಿಪೆಗ್ಗಿಗೆ ಕೆಲಸಕ್ಕೆ ಹೊರಟಾಗ ‘ಹೋಗಲಿ ಬಿಡೇ, ಒಳ್ಳೆ ಊರು’ ಅಂದು ಗೌರಿಯನ್ನು ಒಪ್ಪಿಸಿದವಳೂ ಹಂಸಾಳೇ. ಆ ಹುಡುಗಿ ಕವಿತೆ ಬರೆಯುತ್ತಾಳೆಂದು ಮಾತ್ರ ಯಾರೂ ಬಾಯಿ ಬಿಟ್ಟಿರಲಿಲ್ಲ. ಈಗ ಆ ಗೆಳೆತನಕ್ಕೆ ತನ್ನ ಕೈಯಾರೆ ಕೊಡಲಿ ಹಾಕಿದೆನೇ ಅಂತ ಹಂಸಾಳಿಗೆ ದಿಗಿಲಾಯಿತು.

ಸಂಜೆ ಅಡಿಲೇಡಿಗೆ ಫೋನ್ ಮಾಡಿದಳು.

“ಅಂಕಲ್, ಮೂರನೇದು ನನ್ನ ಗೆಳತಿ ಮಗಳದ್ದು.”

ಆ ಕಡೆ ಮಿಕ್ಸಿಯ ಸದ್ದು ಜೋರಾಗಿತ್ತು. ರಾಜಗೋಪಾಲರ ಹೆಂಡತಿ ಸುಭದ್ರಮ್ಮ ಚಟ್ನಿ ರುಬ್ಬುತ್ತಿದ್ದರು.

“ನನಗೆ ಗೊತ್ತಿರ್ಲಿಲ್ಲ ಡಾಕ್ಟ್ರೇ. ಗೊತ್ತಿದ್ದಿದ್ರೆ ನಿಮಗೆ ಕಳಿಸ್ತಾನೇ ಇರ್ಲಿಲ್ಲ,” ಅಂದರು ರಾಜಗೋಪಾಲರು.

“ಈಗೇನ್ ಮಾಡೋದು?”

“ಎರಡೇ ದಾರಿ. ಬರೆದದ್ದನ್ನ ಹಾಗೇ ಹಾಕ್ಬೇಕು, ಇಲ್ಲ ಆ ಪುಸ್ತಕಾನೇ ಕೈಬಿಡಬೇಕು. ತಿದ್ದೋಕಂತೂ ಆಗಲ್ಲ. ತಿದ್ದಿದ್ರೆ ಇಷ್ಟು ವರ್ಷ ನಾನು ಬೈಂಡ್ ಹಾಕಿದ್ದೆಲ್ಲ ದಂಡ.”

“ಕೈಬಿಟ್ರೆ ಯಾರಿಗೂ ಗೊತ್ತಾಗಲ್ಲ ಅಲ್ವಾ?”

“ನನಗೆ ಗೊತ್ತಾಗತ್ತೆ, ನಿಮಗೆ ಗೊತ್ತಾಗತ್ತೆ. ಅದು ನಿಮಗೆ ಪರ್ವಾಗಿಲ್ಲ ಅಂದ್ರೆ ಬಿಟ್ಬಿಡೋಣ. ಸೋಮವಾರ ಬೆಳಿಗ್ಗೆ ಹೇಳಿ.” ಮುದುಕರು ಜಾಣರು, ಹೊರೆಯನ್ನು ನಯವಾಗಿ ಅವಳ ತಲೆಗೇ ಕಟ್ಟಿ ಫೋನಿಟ್ಟರು.

ಆ ವಾರವೇ ಬ್ರಿಸ್ಬೇನಿನಲ್ಲಿ ಎಕ್ಸ್‌ರೇ ಡಾಕ್ಟರುಗಳ ಸಮಾವೇಶವಿತ್ತು. ಅದು ಮುಗಿದ ಮೇಲೆ ವಾರಾಂತ್ಯವನ್ನು ಗೌರಿಯ ಮನೆಯಲ್ಲಿ ಕಳೆಯುವುದೆಂದು ತಿಂಗಳ ಹಿಂದೆಯೇ ಮಾತಾಗಿತ್ತು. ಹೋಗದೆ ಇರಲು ಹಂಸಾ ಒಂದೆರಡು ನೆವ ಯೋಚಿಸಿದಳು, ಯಾವುದೂ ನಿಲ್ಲಲಿಲ್ಲ. ಮಹಾಬಲೇಶ್ವರ ಒಂದೇ ಮಾತು ಹೇಳಿದ: “ಹೋಗಿ ಹೇಳ್ಬಿಡು. ನೀನು ಹೇಳ್ದೆ ಅವಳಿಗೆ ಗೊತ್ತಾದ್ರೆ ಆಗ ನೋಡು ಮಜಾ.”

ಶುಕ್ರವಾರ ಸಂಜೆ ಗೌರಿ ತಾನೇ ಕಾರು ತಂದು ಕರೆದುಕೊಂಡು ಹೋದಳು. ಮನೆಯಿದ್ದ ನಾರ್ತ್ ಲೇಕ್ಸ್ ತಲುಪುವವರೆಗೂ ತನ್ನ ಕ್ಲಿನಿಕ್ಕಿನ ಪೇಷಂಟುಗಳ ಪುರಾಣ ಹೇಳಿದಳು, ಹಂಸಾ ಹೂಂಗುಟ್ಟಿದಳು. ಮನೆಯಲ್ಲಿ ಗೌರಿಯ ಗಂಡ ವಸಂತಕುಮಾರ್ ಬಿಸಿಬೇಳೆ ಬಾತ್ ಮಾಡಿ ಕಾಯುತ್ತಿದ್ದ. “ನಾಳೆ ಅರ್ವೋ ಬಾರ್ಬಿ ಇಟ್ಕೊಂಡಿದೀನಿ, ಮಧ್ಯಾಹ್ನ ಹಿತ್ತಲಲ್ಲೇ ಸುಟ್ಕೊಂಡು ತಿನ್ನೋಣ. ನಿನಗೋಸ್ಕರ ಪನೀರು, ಜೋಳ, ಎಲ್ಲ ತಂದ್ಬಿಟ್ಟಿದೀನಿ,” ಅಂದ. ಇಷ್ಟು ಉಪಚಾರ ಮಾಡುವವರ ಎದುರು ಆ ರಾತ್ರಿ ಬಾಯಿ ತೆರೆಯಲು ಹಂಸಾಳಿಗೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡು ಮಲಗಿದಳು.

ಶನಿವಾರ ದೋಸೆ ಮುಗಿದ ಮೇಲೆ, ಅವಳು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಗೌರಿ ಒಳಗಿನಿಂದ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಖಾಕಿ ಬೈಂಡಿಲ್ಲದೆ ಅದನ್ನು ಹಂಸಾ ನೋಡಿದ್ದು ಅದೇ ಮೊದಲು. ನೀಲಿ ಹೊದಿಕೆ, ಮೇಲೆ ಅಪೂರ್ವಳ ಹೆಸರು.

“ನೋಡೇ ನನ್ನ ಮಗಳು ಮಾಡಿರೋ ಕೆಲ್ಸ. ಯಾರಿಗೂ ಹೇಳ್ಬೇಡ ಅಂದಿದ್ಳು. ಆಂಟಿಗಳಿಗೆಲ್ಲ ಹೇಳಿದ್ರೆ ಎಲ್ಲರೂ ನೈಸ್ ನೈಸ್ ಅಂತಾರೆ, ಅದು ನನಗೆ ಬೇಡ ಅಂತ. ನನಗೆ ತಡಕೊಳ್ಳೋಕೆ ಆಗ್ಲಿಲ್ಲ. ಕೂತ್ಕೋ, ಓದ್ತೀನಿ.”

“ಗೌರಿ, ಒಂದ್ನಿಮಿಷ...”

“ಆಮೇಲೆ ಮಾತಾಡು,” ಅಂದಳು ಗೌರಿ, ಕನ್ನಡಕ ಏರಿಸಿಕೊಂಡು ಓದಲು ಶುರು ಮಾಡಿದಳು. ತೆರೆದದ್ದು ಬೂಟಿನ ಕವಿತೆಯನ್ನೇ.

ಗೌರಿ ಸರ್ಕಾರಿ ಶಾಲೆಯಲ್ಲಿ ಓದಿದವಳು. ಎಷ್ಟು ವರ್ಷ ಈ ದೇಶದಲ್ಲಿದ್ದರೂ ಅವಳ ಇಂಗ್ಲಿಷಿನ ನಾಲಿಗೆ ಮೈಸೂರು ಬಿಟ್ಟು ಬಂದಿರಲಿಲ್ಲ. ಒಬ್ಬರಿಗೆ ಎರಡು, ಇಬ್ಬರಿಗೆ ನಾಲ್ಕು ಎಂಬ ಸಾಲುಗಳನ್ನು ಅವಳು ಹಿಂದೆ ಮುಂದೆ ತೂಗುತ್ತ, ಪ್ರತಿ ಸಾಲಿನ ಕೊನೆಯನ್ನು ಮೇಲಕ್ಕೆತ್ತಿ ಇಳಿಸುತ್ತ ಓದಿದಳು. ಅಡಿಗೆಮನೆಯಲ್ಲಿ ಕಾವಲಿ ತೊಳೆಯುತ್ತಿದ್ದ ವಸಂತಕುಮಾರ್ ಅಲ್ಲಿಂದಲೇ ದನಿಗೂಡಿಸಿದ: “ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು, ಎರಡ್ಮೂರ್ಲ ಆರು.” ಎರಡೂ ಒಂದೇ ಧಾಟಿಯಲ್ಲಿ, ಒಂದು ಮಾತ್ರೆಯೂ ಹೆಚ್ಚುಕಮ್ಮಿಯಿಲ್ಲದೆ ಹೆಜ್ಜೆ ಹಾಕಿದವು.

“ಮಗ್ಗಿ ಕಣೇ,” ಅಂದ ಗೌರಿಯ ಮುಖದಲ್ಲಿ ಬೆಳಕಿತ್ತು. “ಇಂಡೂರೂಪಿಲ್ಲಿಗೆ ಸ್ವಿಮ್ಮಿಂಗ್ ಕ್ಲಾಸಿಗೆ ಕರ್ಕೊಂಡ್ ಹೋಗೋವಾಗ ದಿನಾ ಕಾರಲ್ಲಿ ಹೇಳಿಸ್ತಿದ್ದೆ. ಅಳ್ತಾ ಹೇಳ್ತಿದ್ಳು. ಒಂದು ಮಾತೂ ಕನ್ನಡದಲ್ಲಿ ಆಡ್ತಿರ್ಲಿಲ್ಲ, ಮಗ್ಗಿ ಮಾತ್ರ ಬಾಯಿಗೆ ಬಂದ್ಬಿಡ್ತು.”

ಮನೆ ತುಂಬಿದ ಮೇಲೆ ಲೆಕ್ಕ ಇಳಿಯತೊಡಗಿತು. ಮಗ್ಗಿಯನ್ನು ಯಾರೂ ಹಿಂದಕ್ಕೆ ಹೇಳುವುದಿಲ್ಲ. ನಾಲಿಗೆ ಮುಂದಿನ ಸಂಖ್ಯೆಗೆ ಹಾತೊರೆಯುತ್ತದೆ, ಕವಿತೆ ಅದನ್ನು ತಡೆದು ಹಿಂದಕ್ಕೆ ಕರೆದುಕೊಂಡು ಹೋಗುತ್ತದೆ. ಮೂವರಿಗೆ ಆರು, ಇಬ್ಬರಿಗೆ ನಾಲ್ಕು. ವಸಂತಕುಮಾರ್ ಕೂಡ ಅಲ್ಲಿ ಸುಮ್ಮನಾದ. ‘ಒಬ್ಬರಿಗೆ ಎರಡು’ ಎಂದು ಗೌರಿ ನಿಲ್ಲಿಸಿದಾಗ, ದೂರದ ಊರಿನ ಖಾಲಿ ಮನೆಯ ಬಾಗಿಲಲ್ಲಿ ಒಂದೇ ಜೊತೆ ಬೂಟು ನೀರಿಳಿಸುತ್ತ ನಿಂತಿದ್ದು ಹಂಸಾಳಿಗೆ ಕಣ್ಣೆದುರೇ ಕಂಡಿತು. ಅವಳಿಗೆ ಅಳು ಬಂತು. ನಾಚಿಕೆಯೂ ಬಂತು. ನಾಲ್ಕು ಸಲ ಓದಿದ್ದಳಲ್ಲ, ಒಂದು ಸಲವಾದರೂ ಬಾಯಿ ಬಿಟ್ಟು ಓದಿದ್ದಳೇ? ಎಕ್ಸ್‌ರೇ ನೋಡುವ ಹಾಗೆ ನೋಡಿದ್ದಳು, ಕಲೆ ಎಲ್ಲಿದೆ ಎಂದು. ಕವಿತೆ ಗಂಟಲಲ್ಲಿ ಇರುವ ವಸ್ತುವೆಂದು ಹಳೆಗನ್ನಡ ಪದ್ಯಗಳನ್ನು ರಾಗವಾಗಿ ಬಾಯಿಪಾಠ ಮಾಡಿ ಬೆಳೆದವಳಿಗೇ ಮರೆತುಹೋಗಿತ್ತು.

“ಗೌರಿ, ಈ ಪುಸ್ತಕಕ್ಕೆ ನಾನು ವಿಮರ್ಶೆ ಬರ್ದಿದೀನಿ,” ಅಂದಳು. “ಯಾರ್ದು ಅಂತ ಗೊತ್ತಿಲ್ದೆ.” ಬೈಂಡಿನ ವಿಷಯ, ರಾಜಗೋಪಾಲರ ಕಾನೂನು, ಸೋಮವಾರದ ಗಡುವು, ಎಲ್ಲವನ್ನೂ ಹೇಳಿದಳು.

“ಏನ್ ಬರ್ದಿದೀಯ? ಓದು.”

ಹಂಸಾ ಫೋನಿನಲ್ಲಿದ್ದ ಪ್ರೂಫನ್ನು ತೆರೆದು ಓದಿದಳು. ‘ಸಂಗೀತವಿಲ್ಲ’ ಅನ್ನುವಲ್ಲಿ ಅವಳ ದನಿ ಇಳಿಯಿತು, ಆದರೂ ಒಂದು ಪದವನ್ನೂ ನುಂಗಲಿಲ್ಲ. ಓದಿ ಮುಗಿದಾಗ ಗೌರಿ ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡಿದ್ದಳು.

“ಇದು ನಿಜ ಅಂತಾನಾ ನೀನು?”

“ಬರೆದಾಗ ನಿಜ ಅಂತಾನೇ ಬರ್ದೆ. ಈಗ ಅರ್ಧ ತಪ್ಪು ಅನ್ನಿಸ್ತಿದೆ. ಆದ್ರೆ ಈಗ ನನಗೆ ಹೆಸರು ಗೊತ್ತು. ಈಗ ನಾನು ಏನಂದ್ರೂ ಅದು ನಿನ್ನ ದೋಸೆ ತಿಂದು ಹೇಳಿದ ಮಾತು.”

“ತೆಗೆಸ್ಬಿಡು.”

“ಗೌರಿ...”

“ತೆಗೆಸ್ಬಿಡು ಅಂದೆ. ಮಗು ಅದು. ಮೊದಲ್ನೇ ಪುಸ್ತಕ. ಹೊರಗಿನೋರು ಹೊಡೀಲಿ, ನೀನು ಯಾಕೆ?” ಗೌರಿಯ ಕಣ್ಣು ತುಂಬಿತ್ತು. ಕಾಲೇಜಿನಿಂದ ಇಲ್ಲಿಯವರೆಗೆ ಅವಳು ಹಂಸಾಳನ್ನು ಏನೂ ಬೇಡಿದವಳಲ್ಲ. ಬೇಡಿದ್ದು ಇದೊಂದನ್ನೇ.

ಹೂಂ ಅಂದುಬಿಡುವುದು ಎಷ್ಟು ಸುಲಭವಿತ್ತು. ಹಂಸಾಳ ಬಾಯಿಗೆ ಬಂದೂ ಬಂತು. ಆಗ ವಸಂತಕುಮಾರ್ ಕೈ ಒರೆಸಿಕೊಂಡು ಬಂದು ಗೌರಿಯ ಪಕ್ಕ ಕೂತ. “ನಾವು ಮೂವರು ಕೂತು ಅವಳ ಪುಸ್ತಕದ ಪಂಚಾಯ್ತಿ ಮಾಡ್ತಿದೀವಿ. ಬರೆದೋಳನ್ನ ಕೇಳೋದು ಬೇಡ್ವಾ?” ಅಂದ. ಹಂಸಾ ಬೇಡವೆಂದಳು, ವಿಮರ್ಶೆ ಬರೆದವಳು ಕವಿಯನ್ನು ಕೇಳುವುದು ಪದ್ಧತಿಯಲ್ಲ ಅಂದಳು. ಪದ್ಧತಿಗೆ ಬೆಂಕಿ ಹಾಕು ಅಂತ ಗೌರಿ ಆಗಲೇ ಮಗಳಿಗೆ ವಿಡಿಯೋ ಕಾಲ್ ಹಚ್ಚಿಬಿಟ್ಟಿದ್ದಳು.

ವಿನಿಪೆಗ್ಗಿನಲ್ಲಿ ಇನ್ನೂ ನಿನ್ನೆಯ ಸಂಜೆ. ಅಪೂರ್ವ ಬೆರಳಿಗೆ ಅಂಟಿದ ಅನ್ನವನ್ನು ಒರೆಸಿಕೊಳ್ಳುತ್ತ ಪರದೆಯ ಮೇಲೆ ಬಂದಳು. ಅಮ್ಮ ಕನ್ನಡದಲ್ಲಿ ದೂರು ಹೇಳಿದ್ದನ್ನೆಲ್ಲ ಕೇಳಿ, ಎಂದಿನ ಹಾಗೆ ಇಂಗ್ಲಿಷಿನಲ್ಲೇ, ಅದನ್ನು ಓದಿ ಆಂಟಿ ಅಂದಳು. ಹಂಸಾ ಕನ್ನಡದಲ್ಲೇ ಓದಿದಳು. ‘ಉತ್ತರಾರ್ಧ’ ಅಂದರೇನು ಅಂತ ಹುಡುಗಿ ಮಧ್ಯೆ ಒಮ್ಮೆ ಕೇಳಿದಳು, ವಸಂತಕುಮಾರ್ ಹೇಳಿದ.

ಆಮೇಲೆ ಅಪೂರ್ವ ನಿಧಾನವಾಗಿ ಹೇಳಿದಳು. ಈವರೆಗೆ ತನ್ನ ಪುಸ್ತಕಕ್ಕೆ ಅಲ್ಲಿ ಎರಡು ವಿಮರ್ಶೆ ಬಂದಿವೆ, ಎರಡೂ ಬಾಯಿತುಂಬ ಹೊಗಳಿವೆ. ಒಂದರ ಪ್ರಕಾರ ಪುಸ್ತಕದಲ್ಲಿ ‘ಅಮ್ಮನ ಸೀರೆಯ ಘಮ’ ಇದೆಯಂತೆ, ಇನ್ನೊಂದರ ಪ್ರಕಾರ ‘ಮಸಾಲೆಯ ನೆನಪು’. “ಆಂಟಿ, ನನ್ನ ಬುಕ್ಕಲ್ಲಿ ಸೀರೆ ಇಲ್ಲ,” ಅಂದಳು. ಈ ಒಂದು ಮಾತನ್ನು ಕನ್ನಡದಲ್ಲೇ ಅಂದಳು. “ಮಸಾಲೆನೂ ಇಲ್ಲ.” ಅವರು ಓದಿದ್ದು ತನ್ನ ಹೆಸರನ್ನು, ಹಿಂದಿನ ಪುಟದ ಫೋಟೋವನ್ನು. ಸಾಲುಗಳನ್ನು ಯಾರೂ ಮುಟ್ಟಿರಲೇ ಇಲ್ಲ. ಉತ್ತರಾರ್ಧದ ಕೊನೆಯ ಸಾಲುಗಳನ್ನು ಕತ್ತರಿಸೆಂದು ಸಂಪಾದಕಿ ಹೇಳಿದ್ದಳು, ನಾನು ಜಗಳ ಮಾಡಿ ಉಳಿಸಿಕೊಂಡಿದ್ದೆ, ಆಗಿನಿಂದ ಒಳಗೊಳಗೇ ಅನುಮಾನ. ಎರಡನೆಯ ಪುಸ್ತಕ ಬೇಕೇ ಬೇಡವೇ ಅಂತ ಆರು ತಿಂಗಳಿಂದ ಕೈಕಟ್ಟಿ ಕೂತಿದ್ದೇನೆ. ನಾನೇನು ಬರೆದರೂ ಸೀರೆಯನ್ನೇ ಕಾಣುವವರಿಗೆ ಯಾಕೆ ಬರೆಯಬೇಕು ಅನ್ನಿಸಿಬಿಟ್ಟಿತ್ತು. ಬಾಗಿಲ ಬಳಿಯ ನೀರಿನಲ್ಲಿ ಬಲ್ಬು ಅಲುಗಾಡುವುದನ್ನು ಕಂಡವರು ನೀವೊಬ್ಬರೇ ಆಂಟಿ, ಅಂದಳು.

“ಮಗ್ಗಿ ನನಗೆ ಕೇಳಿಸ್ಲಿಲ್ಲ ಪುಟ್ಟಿ,” ಅಂದಳು ಹಂಸಾ. “ಇವತ್ತು ನಿಮ್ಮಮ್ಮ ಓದಿದ ಮೇಲೇ ಕೇಳಿಸಿದ್ದು.”

ಅಪೂರ್ವ ನಕ್ಕಳು. ಹಾಗಿದ್ದರೆ ಅದನ್ನು ಪುಟದ ಮೇಲೆ ಕೇಳಿಸುವ ಹಾಗೆ ಬರೆಯುವುದು ನನ್ನ ಕೆಲಸ, ಮುಂದಿನದರಲ್ಲಿ ನೋಡೋಣ ಅಂದಳು. ವಿಮರ್ಶೆಯನ್ನು ಒಂದಕ್ಷರ ಬದಲಿಸದೆ ಹಾಕಬೇಕು, ತನಗೊಂದು ಪ್ರತಿ ಕಳಿಸಬೇಕು ಎಂದು ಹೇಳಿ ಅರ್ಧಕ್ಕೆ ಬಿಟ್ಟ ಊಟಕ್ಕೆ ಎದ್ದಳು. ‘ಮುಂದಿನದು’ ಅನ್ನುವ ಮಾತು ತನ್ನ ಬಾಯಿಂದ ಬಂದದ್ದನ್ನು ಅವಳು ಗಮನಿಸಿದಳೋ ಇಲ್ಲವೋ, ಅವಳ ಅಪ್ಪ ಗಮನಿಸಿದ. ಅವನು ಎದ್ದು ಹೋಗಿ ಬಾರ್ಬಿಗೆ ಜೋಳ ಸುಲಿಯತೊಡಗಿದ.

ಇಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಹೋಗಲಿಲ್ಲ. “ಅವಳಿಗೆ ಸಮಾಧಾನ ಆಯ್ತು. ನನಗಾಗಿಲ್ಲ,” ಅಂದಳು ಗೌರಿ. ಆ ಮಧ್ಯಾಹ್ನ ಅವಳು ಹಂಸಾಳ ತಟ್ಟೆಗೆ ಪನೀರು ಬಡಿಸಿದಳು, ಪಕ್ಕದಲ್ಲೂ ಕೂತಳು, ಮಾತು ಮಾತ್ರ ಉಪ್ಪು ಬೇಕಾ, ನೀರು ಬೇಕಾ ಎಂಬಷ್ಟಕ್ಕೇ ನಿಂತಿತು. ಭಾನುವಾರ ಹಂಸಾಳನ್ನು ಏರ್‌ಪೋರ್ಟಿಗೆ ಬಿಟ್ಟವನು ವಸಂತಕುಮಾರ್. “ಕೊಡು ಅವಳಿಗೆ ಸ್ವಲ್ಪ ಟೈಮು,” ಅಂದ.

ಸೋಮವಾರ ಹಂಸಾ ಅಡಿಲೇಡಿಗೆ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹಾಕಿ ಅಂದಳು. ಸಂಚಿಕೆ ಬಂತು. ಭಾನುವಾರ ಬಂತು, ಫೋನು ಬರಲಿಲ್ಲ. ಇನ್ನೊಂದು ಭಾನುವಾರವೂ ಹಾಗೇ ಹೋಯಿತು. ಹಂಸಾ ಒಬ್ಬಳೇ ಹುರುಳಿಕಾಯಿ ಹೆಚ್ಚಿದಳು, ಎರಡು ಸಲ ನಂಬರು ತೆಗೆದು ಒತ್ತದೆ ಇಟ್ಟಳು. ಸತ್ಯ ಹೇಳಿದೆನೆಂಬ ಹೆಮ್ಮೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಗೆಳತಿ ಬೇಕಾಗಿತ್ತು, ಅಷ್ಟೇ.

ಮಾರನೇ ದಿನ ರಾಜಗೋಪಾಲರ ಮೆಸೇಜು ಬಂತು. ‘ನಿಮ್ಮ ವಿಮರ್ಶೆಗೆ ಪ್ರತಿಕ್ರಿಯೆ ಬಂದಿದೆ. ಖಾರವಾಗಿದೆ. ಓದಿ, ನಿಮಗೆ ಉತ್ತರ ಕೊಡುವುದಿದ್ದರೆ ಕೊಡಿ, ಎರಡನ್ನೂ ಒಟ್ಟಿಗೆ ಹಾಕುತ್ತೇನೆ.’ ಕೆಳಗೆ ಗೌರಿಯ ಬರಹವಿತ್ತು. ಪ್ರಿಸ್ಕ್ರಿಪ್ಷನ್ ಬಿಟ್ಟು ಬೇರೇನನ್ನೂ ಬರೆಯದೆ ಮೂವತ್ತು ವರ್ಷ ಕಳೆದವಳು ಕನ್ನಡದಲ್ಲಿ ಒಂದೂವರೆ ಪುಟ ಬರೆದಿದ್ದಳು. ಹಂಸಾ ಅದನ್ನು ಪ್ಯಾಟಿಯೊದಲ್ಲಿ ನಿಂತುಕೊಂಡೇ, ಗಟ್ಟಿಯಾಗಿ ಓದಿದಳು.

‘ಮಾನ್ಯ ಸಂಪಾದಕರೆ, ನಾನು ಈ ಕವಿಯ ತಾಯಿ. ಆದ್ದರಿಂದ ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ. ನಂಬುವ ಬದಲು ಬೂಟಿನ ಕವಿತೆಯನ್ನು ಎರಡರ ಮಗ್ಗಿಯ ಧಾಟಿಯಲ್ಲಿ ಬಾಯಿ ಬಿಟ್ಟು ಓದಿ ನೋಡಿ. ನಿಮ್ಮ ವಿಮರ್ಶಕಿಗೆ ಕಣ್ಣು ಚುರುಕು, ಕಿವಿ ಮಂದ. ಸಂಗೀತವಿಲ್ಲ ಅಂತ ಬರೆದಿದ್ದಾರೆ. ಸಂಜೆ ಸಾಲಾಗಿ ನಿಂತು ಮಗ್ಗಿ ಕೂಗಿದ ಯಾವ ಕನ್ನಡಿಗರಿಗಾದರೂ ಅಲ್ಲಿ ಸಂಗೀತ ಕೇಳಿಸುತ್ತದೆ.’ ಹೀಗೇ ಒಂದು ಪುಟ, ಎಣ್ಣೆ ಕಾದ ಬಾಣಲೆಯ ಹಾಗೆ ಸಿಡಿಸಿಡಿ. ಕೊನೆಗೆ ಹೀಗಿತ್ತು: ‘ಉತ್ತರಾರ್ಧದ ಬಗ್ಗೆ ಅವರು ಹೇಳಿದ್ದನ್ನು ಓದಿ ನನಗೆ ಬಹಳ ಸಿಟ್ಟು ಬಂತು. ತಪ್ಪು ಅಂತ ತೋರಿಸಲಿಕ್ಕೆ ಒಂದೊಂದೇ ಕವಿತೆಯನ್ನು ಮುಂದಿಟ್ಟುಕೊಂಡು, ಕೊನೆಯ ಸಾಲನ್ನು ಕೈಯಲ್ಲಿ ಮುಚ್ಚಿ ಓದಿದೆ. ಅವರು ಹೇಳಿದ್ದು ಸರಿ. ಮುಚ್ಚಿದರೆ ಕವಿತೆ ದೊಡ್ಡದಾಗುತ್ತದೆ. ಅಲ್ಲಿಯವರೆಗೆ ನಾನು ನನ್ನ ಮಗಳ ಪುಸ್ತಕವನ್ನು ಓದಿರಲೇ ಇಲ್ಲ. ತಬ್ಬಿಕೊಂಡಿದ್ದೆ, ಅಷ್ಟೇ. ಅವಳನ್ನು ಮೊದಲು ಓದಿದವರು ನಿಮ್ಮ ವಿಮರ್ಶಕಿ.’

ಹಂಸಾ ಕಣ್ಣೊರೆಸಿಕೊಂಡು ರಾಜಗೋಪಾಲರಿಗೆ ಉತ್ತರ ಕಳಿಸಿದಳು: ‘ಸಂಗೀತವಿಲ್ಲ ಎಂದು ಬರೆದದ್ದು ನನ್ನ ತಪ್ಪು. ಈ ಪತ್ರವನ್ನು ಪೂರ್ತಿ ಹಾಕಿ.’ ಆಮೇಲೆ ಭಾನುವಾರಕ್ಕೆ ಕಾಯದೆ ಬ್ರಿಸ್ಬೇನಿಗೆ ಫೋನ್ ಮಾಡಿದಳು. ಒಂದೇ ರಿಂಗಿಗೆ ಗೌರಿ ಎತ್ತಿದಳು.

“ಓದಿದ್ಯಾ?”

“ಓದ್ದೆ. ಗಟ್ಟಿಯಾಗೇ ಓದ್ದೆ.”

ಮುಂದಿನ ಮಾತು ಕೇಳುವಾಗ ಗೌರಿಯ ದನಿಯಲ್ಲಿ ಪುಸ್ತಕ ಬರೆದವರಿಗೆಲ್ಲ ಇರುವ ಅದೇ ಅಳುಕಿತ್ತು.

“ಹೇಗಿದೆ ಹೇಳು. ನಿಜ ಹೇಳ್ಬೇಕು.”

ಹಂಸಾ ಉಸಿರೆಳೆದುಕೊಂಡಳು. “ಶುರು ಚೆನ್ನಾಗಿದೆ, ಕೊನೆ ತುಂಬ ಚೆನ್ನಾಗಿದೆ. ಮಧ್ಯದಲ್ಲಿ ನನ್ನ ಬೈದಿದ್ದು ಉದ್ದ ಆಯ್ತು. ಅರ್ಧ ಸಾಕಿತ್ತು.”

ಆ ಕಡೆಯಿಂದ ಗೌರಿ ಜೋರಾಗಿ ನಕ್ಕಳು, ಹಾಸ್ಟೆಲಿನ ಕಾರಿಡಾರಿನಲ್ಲಿ ನಗುತ್ತಿದ್ದ ಹಾಗೆ.

“ಇರು, ಪೆನ್ ತಗೋತೀನಿ,” ಅಂದಳು. “ಯಾವ್ಯಾವ ಸಾಲು ಅಂತ ಹೇಳು.”